ಬೆಳ್ಳಿಚುಕ್ಕಿ ಟಾಕೀಸಿನ ಗಾಜಿನ ವಾಲ್ವು

ಬಲ್ಬು ಹೊತ್ತಿಕೊಂಡಿತು.

ಹೊತ್ತಿಕೊಳ್ಳಬಾರದಿತ್ತು! ಚಿತ್ರಾಳ ಬೆರಳು ಇನ್ನೂ ಸ್ವಿಚ್ಚಿನ ಮೇಲೇ ಇತ್ತು. ಆಪರೇಟರ್ ರೂಮಿನ ಕಿಂಡಿಯಿಂದ ಇಣುಕಿದರೆ, ಹಾಲಿನ ಆ ತುದಿಯಲ್ಲಿ, ಹರಿದ ಪರದೆಯ ಹಿಂದೆ, ದೊಡ್ಡ ಸ್ಪೀಕರಿನ ತಂತಿಗೆ ಅವಳೇ ಕಟ್ಟಿ ಬಂದಿದ್ದ ಜೋಡಿ ಬಲ್ಬು ನಿಗಿನಿಗಿ ಉರಿಯುತ್ತಿತ್ತು.

ಕೆಳಗಿನಿಂದ ಚಪ್ಪಾಳೆ ಕೇಳಿಸಿತು.

"ಭೇಷ್ ಚಿತ್ರಕ್ಕ!" ಶಿವರಾಜನ ದನಿ. "ನಿನ್ ತಮ್ಮನ್ನ ಒಳಗೆ ಹಾಕಿಸಾಕೆ ವಕೀಲರು ಯಾಕೆ ಬೇಕು? ನೀನೇ ಸಾಕು ಬಿಡು."



ಹೋದ ವಾರ ಹೊಸದುರ್ಗದ ಇದೇ ಬೆಳ್ಳಿಚುಕ್ಕಿ ಟಾಕೀಸಿನಲ್ಲಿ, ಇದೇ ತಂತಿ ಹಿಡಿದು ಸಾವ್ಕಾರ ಹನುಮಂತಪ್ಪ ಸತ್ತಿದ್ದರು. ಮುಚ್ಚಿಹೋಗಿದ್ದ ಟಾಕೀಸನ್ನು ಮತ್ತೆ ತೆರೆಯಬೇಕು, ಆಪರೇಟರ್ ರೂಮಿನ ಹಳೇ ಆಂಪ್ಲಿಫೈಯರಿನಲ್ಲೇ ಹಳೇ ಸೌಂಡು ಕೇಳಿಸಬೇಕು ಎಂಬುದು ಅವರ ಹುಚ್ಚು. ಹೊಳಲ್ಕೆರೆಯಿಂದ ಚಿತ್ರಾಳ ತಮ್ಮ ಜುಂಜೇಶನನ್ನು ಕರೆಸಿ ವೈರಿಂಗ್ ಮಾಡಿಸುತ್ತಿದ್ದರು.

ಈಗಿನ ಸ್ಪೀಕರ್ ತಂತಿ ಮುಟ್ಟಿದರೆ ಬೆಕ್ಕಿನ ಮೀಸೆಯೂ ಅಲ್ಲಾಡುವುದಿಲ್ಲ. ಆ ಕಾಲದ ಸ್ಪೀಕರ್ ಹಾಗಲ್ಲ. ಅದರೊಳಗಿನ ಅಯಸ್ಕಾಂತಕ್ಕೆ ಜೀವ ಬರಬೇಕಾದರೆ ಆಂಪ್ಲಿಯಿಂದಲೇ ಕರೆಂಟು ಹೋಗಬೇಕು. ಮನೆಯ ಕರೆಂಟಿನ ದುಪ್ಪಟ್ಟು ಕರೆಂಟು, ಹಾಲಿನ ಉದ್ದಕ್ಕೂ, ಮೇಲಿನ ರೂಮಿನಿಂದ ಪರದೆಯ ಹಿಂದಿನವರೆಗೆ.

"ಆಫ್ ಮಾಡೀನಿ ಸಾವ್ಕಾರ್ರೆ, ಮುಟ್ರಿ" ಎಂದು ಪರದೆಯ ಹಿಂದೆ ತಂತಿ ನೋಡುತ್ತಿದ್ದ ಸಾವ್ಕಾರರಿಗೆ ಹೇಳಿ ಜುಂಜೇಶ್ ಹಿಂದಿನ ಓಣಿಗೆ ಟೀ ಕುಡಿಯಲು ಹೋಗಿದ್ದ. ಯಾರೋ ಮೇಲೆ ಹೋಗಿ ಸ್ವಿಚ್ ಒತ್ತಿದರು. ಸಾವ್ಕಾರರ ಕೂಗು ಕೇಳಿದಾಗ ಅವರ ಹೆಂಡತಿ ಏಕನಾಥಮ್ಮ, ಸಾವ್ಕಾರರ ತಂಗಿಯ ಮಗ ಶಿವರಾಜ್ ಇಬ್ಬರೂ ಹಾಲಿನ ಮುಂದಿನ ಬೆಂಚಿನ ಹತ್ತಿರ ಒಟ್ಟಿಗೇ ನಿಂತಿದ್ದರು. ಓಡಿ ಬಂದು ಸ್ವಿಚ್ ಆರಿಸಿದವನು ಜುಂಜೇಶ್. ಸ್ವಿಚ್ಚಿನ ಮೇಲೆ ಅವನದೇ ಬೆರಳಚ್ಚು. ಇನ್ನೇನು ಬೇಕು?

ಚಿತ್ರಾಳಿಗೆ ಉಳಿದಿದ್ದ ಹಗ್ಗ ಒಂದೇ. ಆ ಆಂಪ್ಲಿಯಲ್ಲಿ ಕರೆಂಟು ಮೊದಲು ಒಂದು ಗಾಜಿನ ವಾಲ್ವಿನೊಳಗೆ ಹಾದು ಹೋಗಬೇಕು. ಆ ವಾಲ್ವು ಕಾದು ಬಿಸಿಯಾಗುವತನಕ ಒಂದು ತೊಟ್ಟು ಕರೆಂಟನ್ನೂ ಮುಂದಕ್ಕೆ ಬಿಡುವುದಿಲ್ಲ. ಅಂದರೆ ಸ್ವಿಚ್ ಒತ್ತಿದವರು ಮೆಟ್ಟಿಲಿಳಿದು ಬಂದು, ಏನೂ ಗೊತ್ತಿಲ್ಲದವರಂತೆ ಬೆಂಚಿನ ಹತ್ತಿರ ನಿಲ್ಲಬಹುದು. ಸಾವು ಆಮೇಲೆ ತನ್ನ ಪಾಡಿಗೆ ತಾನು ತಂತಿಯಲ್ಲಿ ಹರಿದು ಬರುತ್ತದೆ.

ಇದನ್ನು ತೋರಿಸಲು ಸಬ್ ಇನ್ಸ್‌ಪೆಕ್ಟರ್ ರಂಗೇಶ್ ಅವರ ಕಾಲು ಹಿಡಿದಿದ್ದಳು. ಸೀಲ್ ಒಡೆಸಿ ರೂಮು ತೆಗೆಸಿದ್ದಳು. ನಿನ್ನೆ ರಾತ್ರಿ ಹಿಡಿದ ಜುಂಜೇಶನನ್ನು ಸಂಜೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ. ಅಲ್ಲಿಂದ ಸೀದಾ ಚಿತ್ರದುರ್ಗದ ಜೈಲು.

ಬಲ್ಬು ಮಾತ್ರ ಒಂದು ಉಸಿರಿನಷ್ಟೂ ಕಾಯಲಿಲ್ಲ.

ರಂಗೇಶ್ ಮೆಟ್ಟಿಲು ಹತ್ತಿ ಬಂದರು. ಮುಖದಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು.

"ಆತೇನಮ್ಮ ನಿನ್ನ ಆಟ?"

"ಸಾರ್, ಇದ್ರಾಗೆ ಏನೋ ಮೋಸ ಐತೆ."

"ಮೋಸ ಗೀಸ ಏನಿಲ್ಲ. ನೀನು ಒತ್ತಿದೆ, ಅದು ಹತ್ತಿತು. ಒತ್ತಿದೋನು ಇಲ್ಲೇ ಇದ್ದ ಅಂತ ಆತು. ಮಾರಪ್ಪ, ಬಾಗ್ಲು ಹಾಕು."

ಕಾನ್‌ಸ್ಟೇಬಲ್ ಮಾರಪ್ಪ ಅರಗಿನ ಕಡ್ಡಿ ಕೈಗೆತ್ತಿಕೊಂಡ.

"ಸಾರ್ ಸಾರ್, ಒಂದೇ ಒಂದು ಸಲ ಹಿಂದಿನ ಜಾಲರಿ ಬಿಚ್ಚಾಕೆ ಬಿಡ್ರಿ. ನಿಮ್ ಮಕ್ಳ ಪುಣ್ಯ."

"ನನಗೆ ಮದ್ವೇನೇ ಆಗಿಲ್ಲ ಕಣಮ್ಮ."

"ಹಂಗಾರೆ ಬೇಗ ಆಗ್ಲಿ ಅಂತ ಹರಸ್ತೀನಿ, ಬಿಚ್ಚಿಸ್ರಿ!"

ಮಾರಪ್ಪ ಕಿಸಕ್ಕನೆ ನಕ್ಕು, ಸಾಹೇಬರ ಮುಖ ನೋಡಿ ಕೆಮ್ಮಿದ. ರಂಗೇಶ್ ಕೈಗಡಿಯಾರ ನೋಡಿಕೊಂಡರು. "ಬಿಚ್ಚು. ಬೇಗ."

ಚಿತ್ರಾ ಸ್ವಿಚ್ ಆರಿಸಿ ಪ್ಲಗ್ ಕಿತ್ತಳು. ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಇಂಥ ಆಂಪ್ಲಿಗೆ ಎರಡೂ ಕೈ ಹಾಕುವವನು ಎರಡನೇ ಸಲ ಹಾಕಲು ಇರುವುದಿಲ್ಲ ಎಂದು ಅಪ್ಪ ಕಲಿಸಿದ ಪಾಠ. ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟು ಅಡಗಿ ಕೂತಿರುತ್ತದೆ. ಜಾಲರಿ ತೆಗೆದು, ಮರದ ಹಿಡಿಯ ಸ್ಕ್ರೂಡ್ರೈವರನ್ನು ಕರೆಂಟು ಹಿಡಿದಿಡುವ ಒಳಗಿನ ಡಬ್ಬಕ್ಕೂ ತಗಡಿಗೂ ತಾಗಿಸಿದಳು. ಚಟ್! ನೀಲಿ ಕಿಡಿ ಹಾರಿತು. ಬಾಗಿಲಲ್ಲಿ ನಿಂತಿದ್ದ ಶಿವರಾಜ್ ಒಂದು ಹೆಜ್ಜೆ ಹಿಂದಕ್ಕೆ ಹಾರಿದ.

ಅವಳು ಟಾರ್ಚು ಹಿಡಿದು ಬಗ್ಗಿದಳು.

ಮುಂದಿನ ಸಾಲಿನ ವಾಲ್ವುಗಳು ಇದ್ದವು, ಹೊಗೆ ಹಿಡಿದ ಗಾಜಿನ ಬುರುಡೆಗಳ ಹಾಗೆ. ಹಿಂದೆ, ದಪ್ಪ ಟ್ರಾನ್ಸ್‌ಫಾರ್ಮರಿನ ಪಕ್ಕದ ಕತ್ತಲಲ್ಲಿ, ಮುಖ್ಯವಾದ ಆ ಕರೆಂಟಿನ ವಾಲ್ವು ಇರಬೇಕಾದ ಜಾಗದಲ್ಲಿ ಗಾಜೇ ಇರಲಿಲ್ಲ. ಯಾವುದೋ ಒಡೆದ ವಾಲ್ವಿನ ಕಪ್ಪು ಬುಡ ಮಾತ್ರ ಕೂತಿತ್ತು. ಅದರೊಳಗೆ ವಾಲ್ವಿನ ಕೆಲಸವನ್ನೇ ಮಾಡುವ ಎರಡು ಪುಟಾಣಿ ಡಯೋಡುಗಳನ್ನು ಬೆಸುಗೆ ಹಾಕಿದ್ದರು.

ಡಯೋಡು ಬಿಸಿಯಾಗಬೇಕಾಗಿಲ್ಲ. ಸ್ವಿಚ್ ಒತ್ತಿದ ತಕ್ಷಣ ಕರೆಂಟು ಬಿಡುತ್ತದೆ.

"ಸಾರ್! ವಾಲ್ವು ಕಿತ್ತವ್ರೆ! ಅದ್ರ ಜಾಗಕ್ಕೆ ಇದನ್ನ ಸಿಗ್ಸವ್ರೆ!"

"ನಿನ್ ತಮ್ಮನೇ ಸಿಗ್ಸಿರ್ಬೇಕು. ರಿಪೇರಿ ಮಾಡ್ತಿದ್ದೋನು ಅವನೇ ತಾನೆ?"

"ಸತ್ತ ದಿನ ನೀವು ಫೋಟೋ ಹೊಡಿದ್ರಲ್ಲ ಸಾರ್, ಮಹಜರ್ ಮಾಡೋವಾಗ. ಅದನ್ನೊಂದು ತೆಗೀರಿ."

ರಂಗೇಶ್ ಗೊಣಗುತ್ತಲೇ ಫೋನು ತೆಗೆದರು. ಫೋಟೋಗಳನ್ನು ಒಂದೊಂದಾಗಿ ಸರಿಸಿದರು. ಆಂಪ್ಲಿಯ ಹಿಂಬದಿ ಬಂದಾಗ ಚಿತ್ರಾ ಅವರ ಕೈಯಲ್ಲಿದ್ದ ಫೋನಿನ ಮೇಲೇ ಎರಡು ಬೆರಳಿಟ್ಟು ಚಿತ್ರವನ್ನು ಹಿಗ್ಗಿಸಿದಳು. ಜಾಲರಿಯ ತೂತುಗಳ ಆಚೆ, ಟ್ರಾನ್ಸ್‌ಫಾರ್ಮರಿನ ಪಕ್ಕ, ಸೋರೆಕಾಯಿಯಂತೆ ಉಬ್ಬಿದ ಗಾಜು ಫಳಫಳ ಹೊಳೆಯುತ್ತಿತ್ತು.

ರಂಗೇಶ್ ಫೋನನ್ನು ಆಂಪ್ಲಿಯ ಪಕ್ಕಕ್ಕೆ ಹಿಡಿದು ಎರಡನ್ನೂ ನೋಡಿದರು.

"ಅಂದ್ರೆ," ರಂಗೇಶ್ ನಿಧಾನವಾಗಿ ಹೇಳಿದರು, "ನಾನು ಸೀಲ್ ಹಾಕಿದ್ಮೇಲೆ ಯಾರೋ ಒಳಗೆ ಬಂದವ್ರೆ."

"ಬಾಗ್ಲ ಸೀಲು ಹಂಗೇ ಇತ್ತಲ್ಲ ಸಾರ್," ಎಂದ ಮಾರಪ್ಪ.

"ಈ ರೂಮಿಗೆ ಇದೊಂದೇ ಬಾಗ್ಲೇನೋ?"

ಮಾರಪ್ಪ ತಲೆ ತಗ್ಗಿಸಿ ರೀಲಿನ ಡಬ್ಬಗಳ ರಾಶಿಯ ಕಡೆ ನೋಡಿದ. ಅದರ ಹಿಂದೆ ಒಂದು ಗಿಡ್ಡ ಬಾಗಿಲು. ಹಿಂದಿನ ಕಾಲದಲ್ಲಿ ಹೊರಗಿನ ಕಬ್ಬಿಣದ ಏಣಿಯಿಂದ ರೀಲುಗಳನ್ನು ಹೊತ್ತು ತರುತ್ತಿದ್ದ ಬಾಗಿಲು.

"ಅದು ಬೀರು ಅನ್ಕಂಡಿದ್ದೆ ಸಾರ್."

"ನಿನ್ನ..." ರಂಗೇಶ್ ಬೈಗುಳ ನುಂಗಿ ಅತ್ತ ತಿರುಗಿದರು. "ಶಿವರಾಜ್, ಇದ್ರ ಬೀಗದಕೈ ಎಲ್ಲೈತೆ?"

ಶಿವರಾಜ್ ಕೆಂಪಗಾದ. "ನನ್ನ ಯಾಕೆ ಕೇಳ್ತೀರಿ? ಮಾವನ ಗೊಂಚಲು ನನ್ ಹತ್ರ ಐತೆ ನಿಜ. ಅದ್ರಾಗೆ ಹಿಂದಿನ ಬಾಗ್ಲುದು ಇಲ್ಲ. ಬೇಕಾರೆ ನೋಡ್ರಿ."

"ನೀನೇ ಮಾಡಿದ್ದು!" ಚಿತ್ರಾ ಅವನ ಮುಂದೆ ಹೋಗಿ ನಿಂತಳು. "ಟಾಕೀಸ್ ಮಾರಾಕೆ ಅಡ್ಡ ಆದ್ರು ಅಂತ ಮಾವನ್ನೇ ತಿಂದ್ಯಲ್ಲೋ. ಇಲ್ಲಿಗೆ ಬಂದು ಸ್ವಿಚ್ ಒತ್ತಿ ಕೆಳಗೆ ಹೋಗಿ ನಿಂತೆ. ಈಗ ವಾಲ್ವು ಕಿತ್ತು ನನ್ ತಮ್ಮನ ತಲೆಗೆ ಕಟ್ತಿದೀಯ!"

"ಲೇ ಚಿತ್ರಕ್ಕ, ನಾಲ್ಗೆ ಬಿಗಿ ಹಿಡಿ! ನನಗೆ ವಾಲ್ವು ಯಾವ್ದು ಬದನೆಕಾಯಿ ಯಾವ್ದು ಅಂತಾನೇ ಗೊತ್ತಿಲ್ಲ. ಅದಕ್ಕೆ ಬೆಸುಗೆ ಬೇರೆ ಹಾಕ್ತೀನಾ? ಮನ್ಯಾಗೆ ಫ್ಯೂಸ್ ಹೋದ್ರೆ ಪಕ್ಕದ್ಮನೆ ಹುಡ್ಗಿ ಬಂದು ಹಾಕ್ಕೊಡ್ತಾಳೆ!"

"ಅದು ನಿಜ ಸಾರ್," ಮಾರಪ್ಪ ಮೆಲ್ಲಗೆ ಸೇರಿಸಿದ. "ನಮ್ ಓಣಿನೇ."

ಚಿತ್ರಾ ಮತ್ತೆ ಆ ಕಪ್ಪು ಬುಡದ ಕಡೆ ನೋಡಿದಳು. ಆಗ ಕಂಡಿತು.

ಬುಡದ ಒಂದು ಪಕ್ಕಕ್ಕೆ ಕುಂಕುಮದ ಬೊಟ್ಟು. ಹೊಸದು. ಬಿಸಿಗೆ ಸುಟ್ಟು ಕಪ್ಪಾಗದ, ಬೆರಳಿಟ್ಟರೆ ಅಂಟುವ ಕೆಂಪು.

ಅವಳು ಟಾರ್ಚನ್ನು ಬೇರೆ ಕಡೆ ತಿರುಗಿಸಿದಳು.

ಟಾಕೀಸಿನ ಸೌಂಡು ನೋಡಿಕೊಳ್ಳುವ ಹಳಬರ ಪದ್ಧತಿ ಅದು. ಆಂಪ್ಲಿಯೊಳಗೆ ಯಾವ ಹೊಸ ವಸ್ತು ಹಾಕಿದರೂ ಮೊದಲು ಕುಂಕುಮ, ಆಮೇಲೆ ಕರೆಂಟು. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬರುತ್ತಾರೆ. ಶಿವರಾಜನ ಬೂಟು ಈಗಲೂ ಆಂಪ್ಲಿಯ ಮುಂದೆಯೇ ಮಣ್ಣು ಉದುರಿಸುತ್ತಿತ್ತು. ಇವನು ಕುಂಕುಮ ಇಡುವ ಆಸಾಮಿಯಲ್ಲ.

ಕದ್ದು ಬಂದು ಸಾಕ್ಷಿ ಬದಲಾಯಿಸುವಾಗಲೂ ಕುಂಕುಮ ಇಡದೆ ಇರಲಾಗದ ಕೈ ಯಾವುದು? ಸುತ್ತಮುತ್ತಲ ತಾಲ್ಲೂಕುಗಳಲ್ಲಿ ಅವಳನ್ನು ಬಿಟ್ಟರೆ ಅಂಥ ಕೈ ಉಳಿದಿದ್ದವರು ಇಬ್ಬರೇ. ಒಬ್ಬ ಲಾಕಪ್ಪಿನಲ್ಲಿದ್ದ.

ಇನ್ನೊಬ್ಬ ಅವಳ ಅಪ್ಪ.

"ಏನಮ್ಮ, ಮಾತು ನಿಂತೋಯ್ತು?" ರಂಗೇಶ್ ಅವಳನ್ನೇ ನೋಡುತ್ತಿದ್ದರು.

"ಕೆಳಗೆ... ಬಲ್ಬು ಬಿಚ್ಕಂಡ್ ಬರ್ತೀನಿ ಸಾರ್."

"ಹೋಗು. ನಾನು ಹಿಂದಿನ ಏಣಿ ನೋಡ್ತೀನಿ. ಒಂದು ಮಾತು ತಿಳ್ಕ. ಆ ಗಾಜು ನನ್ ಕೈಗೆ ಸಿಗ್ಬೇಕು. ಅದನ್ನ ಹಾಕಿ ನೀನು ಹೇಳ್ದಂಗೆ ತಡವಾಗಿ ಹತ್ತಿದ್ರೆ ನಿನ್ ತಮ್ಮನ ವಿಷ್ಯ ಬೇರೆ ಥರ ಬರೀತೀನಿ. ಬರೀ ಫೋಟೋ ಹಿಡ್ಕಂಡು ಕೋರ್ಟಿನಾಗೆ ನಿಲ್ಲಾಕಾಗಲ್ಲ."

ಚಿತ್ರಾ ಮೆಟ್ಟಿಲುಗಳನ್ನು ಬಿದ್ದಳೋ ಇಳಿದಳೋ ಗೊತ್ತಾಗಲಿಲ್ಲ. ಮುಂದಿನ ಬೆಂಚಿನಲ್ಲಿ ಏಕನಾಥಮ್ಮ ಸೆರಗು ಹೊದ್ದು ಕೂತಿದ್ದರು. ಈ ಕೇಸು ಶುರುವಾದಾಗಿನಿಂದ ಚಿತ್ರಾಳಿಗೆ ಒಂದು ಲೋಟ ನೀರು ಕೊಟ್ಟವರು ಅವರೊಬ್ಬರೇ.

"ಏನಾತು ಮಗ?"

"ಏನಿಲ್ಲ ಅಮ್ಮಾರೆ." ತಲೆ ಎತ್ತದೆ ಪರದೆಯ ಹಿಂದೆ ನುಗ್ಗಿ ಫೋನು ಕಿವಿಗಿಟ್ಟಳು.

ತಾಳ್ಯದ ಹತ್ತಿರದ ಹಟ್ಟಿಯಲ್ಲಿ ಫೋನು ರಿಂಗಾಯಿತು. ಅವಳ ಅಪ್ಪ ಜುಂಜಣ್ಣನಿಗೆ ಸ್ಪೀಕರುಗಳ ಪಕ್ಕದಲ್ಲೇ ಆಯುಸ್ಸು ಕಳೆದು ಕಿವಿ ಮಂದ.

"ಯಾರು? ಹಲೋ! ಜೋರಾಗಿ ಹೇಳ್ರಿ, ಕುರಿ ಕೂಗ್ತವೆ!"

"ಅಪ್ಪಾ, ನಾನು. ಆಂಪ್ಲಿಗೆ ಡಯೋಡ್ ಹಾಕ್ದೋನು ನೀನಾ?"

"ಯಾವ ಮೇಡು?"

"ಡಯೋಡು! ಬೆಳ್ಳಿಚುಕ್ಕಿ ಆಂಪ್ಲಿಗೆ!" ಬೇಡವೆಂದರೂ ದನಿ ಏರಿತು.

ಅಪ್ಪನ ದನಿ ಮಗುವಿನ ದನಿಯಷ್ಟು ಸಣ್ಣದಾಯಿತು.

"ಹೂಂ ಕಣವ್ವ. ನಾನೇ ಹಾಕಿದ್ದು. ಜುಂಜೇಶಂಗೆ ಒಳ್ಳೇದಾಗ್ಲಿ ಅಂತ."

"ಒಳ್ಳೇದಾ?!"

"ಏಕನಾಥಮ್ಮಾರು ಹೇಳ್ಕಳಿಸಿದ್ರು. ಹಳೇ ವಾಲ್ವು ಕೆಟ್ಟೋಗೈತೆ ಜುಂಜಣ್ಣ, ಪೊಲೀಸ್ನೋರು ಬೆಂಗಳೂರಿಗೆ ಕಳಿಸಿ ನೋಡಿದ್ರೆ ನಿನ್ ಮಗಂದೇ ತಪ್ಪು ಅಂತ ಬರ್ದುಬಿಡ್ತಾರೆ, ಒಳ್ಳೇದೊಂದು ಹಾಕ್ಬಿಡು ಅಂದ್ರು. ಹಿಂದಿನ ಬಾಗ್ಲ ಬೀಗದಕೈ ಅವರೇ ಕೊಟ್ರು. ಯಾಕವ್ವ, ಸರಿಯಾಗಿ ಕೂತಿಲ್ವಾ?"

ಚಿತ್ರಾ ಪರದೆಯ ಕಂಬಕ್ಕೆ ಒರಗಿದಳು. ಅಪ್ಪ ಮಗನನ್ನು ಉಳಿಸಲು ಹೋಗಿ ಅವನ ಕುತ್ತಿಗೆಗೆ ಹಗ್ಗ ಬಿಗಿದಿದ್ದ.

"ಗಾಜಿನ ವಾಲ್ವು ಎಲ್ಲಿ ಬಿಸಾಕಿದೆ ಅಪ್ಪಾ?"

"ಪೂಜೆ ಮಾಡಿದ್ದನ್ನ ಬಿಸಾಕ್ತಾರೇನೇ? ನಾನು ಮನೀಗೆ ತರ್ತಿದ್ದೆ. ಅಮ್ಮಾರು ಇಸ್ಕಂಡ್ರು. ಸಾವ್ಕಾರ್ರ ನೆನಪಿಗೆ ದೇವರ ಮನ್ಯಾಗೆ ಇಡ್ತೀನಿ ಅಂದ್ರು."

ಫೋನು ಕಿವಿಯಿಂದ ಜಾರಿತು. ಅವಳು ತಿರುಗಿದಳು. ಪರದೆಯ ಅಂಚು ಸರಿಸಿಕೊಂಡು ಏಕನಾಥಮ್ಮ ನಿಂತಿದ್ದರು.

"ನಿಮ್ಮಪ್ಪಂಗೆ ಕಿವಿ ಕೇಳಲ್ಲ. ನನಗೆ ಚೆನ್ನಾಗಿ ಕೇಳ್ತದೆ ಮಗ."

ಚಿತ್ರಾಳ ತಲೆಯೊಳಗೆ ಏನೋ ಮಗುಚಿ ಬಿತ್ತು. ಕೂಗು ಕೇಳಿದಾಗ ಇವರಿಬ್ಬರೂ ಒಟ್ಟಿಗಿದ್ದರು. ಶಿವರಾಜನಿಗೆ ಏಕನಾಥಮ್ಮ ಸಾಕ್ಷಿ ಎಂದು ಊರೆಲ್ಲ ಹೇಳಿತು, ಪೊಲೀಸರೂ ಬರೆದುಕೊಂಡರು, ಅವಳೂ ನಂಬಿದ್ದಳು. ಏಕನಾಥಮ್ಮನಿಗೆ ಶಿವರಾಜ್ ಸಾಕ್ಷಿ ಎಂದು ಯಾರೂ ತಿರುಗಿಸಿ ನೋಡಿರಲಿಲ್ಲ.

"ಅವತ್ತು ನೀವು ಯಾವ ಕಡೆಯಿಂದ ಬಂದು ಬೆಂಚಿನ ಹತ್ರ ನಿಂತಿದ್ರಿ ಅಮ್ಮಾರೆ?"

"ಅದನ್ನ ಯಾರೂ ಕೇಳ್ಲೇ ಇಲ್ಲ ನೋಡು." ಏಕನಾಥಮ್ಮ ಸತ್ತ ಸ್ಪೀಕರಿನ ಧೂಳನ್ನು ಸೆರಗಿನಿಂದ ಒರೆಸಿದರು. "ನಾನು ಮದ್ವೆಯಾಗಿ ಬಂದಾಗಿನಿಂದ ಇದೇ ಕೆಲ್ಸ. ಆಟ ಶುರುವಾಗಾಕೆ ಮುಂಚೆ ಮೇಲೆ ಹೋಗಿ ಸ್ವಿಚ್ ಹಾಕಾದು. ಮೆಟ್ಲು ಇಳ್ದು ಬಂದು ಟಿಕೆಟ್ ಕಿಂಡಿ ತೆಗ್ಯಾದು. ಅಷ್ಟೊತ್ತಿಗೆ ಸ್ಪೀಕರ್ ಗುಂಯ್ ಅನ್ನಾದು. ಒಂದಿನಾನೂ ಲೆಕ್ಕ ತಪ್ಪಿಲ್ಲ."

"ಗಂಡನ್ನೇ... ಯಾಕೆ?"

"ಅದು ನನಗೂ ಅವರಿಗೂ ಬಿಟ್ಟಿದ್ದು." ದನಿ ಸ್ವಲ್ಪವೂ ನಡುಗಲಿಲ್ಲ. "ನೀನು ನಿನ್ ಮನೆ ಚಿಂತೆ ಮಾಡು. ಸೀಲ್ ಹಾಕಿದ ರೂಮಿಗೆ ಕಳ್ಳನಂಗೆ ನುಗ್ಗಿದೋನು ನಿಮ್ಮಪ್ಪ. ನಾನು ಬೀಗದಕೈ ಕೊಟ್ಟೆ ಅಂತ ಅವನು ಹೇಳ್ಬೇಕು, ನಾನು ಇಲ್ಲ ಅನ್ಬೇಕು. ಮಗನ್ನ ಉಳ್ಸಾಕೆ ಸಾಕ್ಷಿ ಕದ್ದ ಅಪ್ಪನ ಮಾತು ಯಾರು ನಂಬ್ತಾರೆ? ಈ ವಯಸ್ನಾಗೆ ಎದೆನೋವು ಇಟ್ಕಂಡು ಜೈಲಿನ ನೆಲದ ಮೇಲೆ ಮಲಗ್ತಾನೇನು?"

"ಅಮ್ಮಾರೆ..."

"ಅವನ ಹೆಸ್ರು ಹೊರಗೆ ಬಂದ ದಿನ ಆ ವಾಲ್ವು ಚೂರಾಗ್ತದೆ. ಗಾಜು ತಾನೆ, ಕೈಜಾರ್ತದೆ. ಸುಮ್ನಿರು. ಜುಂಜೇಶಂಗೆ ಒಳ್ಳೇ ವಕೀಲರನ್ನ ನಾನೇ ಇಟ್ಕೊಡ್ತೀನಿ."

ಹೊರಗೆ ಬೂಟಿನ ಸದ್ದು. ರಂಗೇಶ್, ಮಾರಪ್ಪ, ಅವರ ಹಿಂದೆ ಬೆವರುತ್ತಿದ್ದ ಶಿವರಾಜ್.

"ಹಿಂದಿನ ಬಾಗ್ಲ ಬೀಗಕ್ಕೆ ಹೊಸ ಎಣ್ಣೆ ಬಿದ್ದೈತೆ," ರಂಗೇಶ್ ನೇರವಾಗಿ ಚಿತ್ರಾಳ ಮುಂದೆ ಬಂದರು. "ಏಣಿ ಮೇಲಿನ ಧೂಳಿನಾಗೆ ಬರಿಗಾಲಿನ ಗುರುತು ಅವೆ. ಮೇಲೆ ಆ ಬುಡ ನೋಡಿದ್ಮೇಲೆ ನಿನ್ ಮುಖ ಹೆಂಗಾತು ಅಂತ ನಾನು ನೋಡೀನಿ. ನಿನಗೆ ಗೊತ್ತೈತೆ. ಯಾರು?"

ಅಪ್ಪನ ಹೆಸರು ಹೇಳಿದರೆ ಅಪ್ಪ ಹೋದ, ವಾಲ್ವೂ ಹೋಯಿತು. ಹೇಳದಿದ್ದರೆ ಇನ್ನು ಸ್ವಲ್ಪ ಹೊತ್ತಿಗೆ ಜುಂಜೇಶನನ್ನು ವ್ಯಾನಿಗೆ ಹತ್ತಿಸುತ್ತಾರೆ. ಏಕನಾಥಮ್ಮ ಅವಳ ತಲೆಗೂದಲನ್ನು ಹಿಂದಕ್ಕೆ ಸರಿಸಿದರು, ಹೆತ್ತ ತಾಯಿಯ ಹಾಗೆ.

ಆ ಕೈ ತಾಗಿದ್ದೇ ತಡ, ಚಿತ್ರಾಳಿಗೆ ದಾರಿ ಹೊಳೆಯಿತು. ಅದು ದಾರಿಯೋ ಬಾವಿಯೋ ಯೋಚಿಸಲು ಹೊತ್ತಿರಲಿಲ್ಲ.

"ನಾನು ಸಾರ್."

"ಏನಂದೆ?"

"ಸೀಲ್ ಹಾಕಿದ್ಮೇಲೆ ಒಳಗೆ ಹೋದೋಳು ನಾನು. ಡಯೋಡ್ ಹಾಕಿದ್ದೂ ನಾನೇ."

ಶಿವರಾಜ್ ಬಾಯಿ ಬಿಟ್ಟ. ಮಾರಪ್ಪನ ಕೈಯಲ್ಲಿದ್ದ ಅರಗಿನ ಕಡ್ಡಿ ಕೆಳಗೆ ಬಿತ್ತು. ಚಿತ್ರಾಳ ಕೂದಲ ಮೇಲಿದ್ದ ಆ ಕೈ ತಟಕ್ಕನೆ ನಿಂತಿತು. ಈಗ ಏಕನಾಥಮ್ಮ "ಇಲ್ಲ, ಅವಳಲ್ಲ" ಎನ್ನಬೇಕಾದರೆ ಯಾರು ಎಂದು ಹೇಳಬೇಕು. ಬೀಗದಕೈ ಯಾರು ಕೊಟ್ಟರು ಎಂಬ ಮಾತೂ ಬರುತ್ತದೆ.

"ತಲೆ ಕೆಟ್ಟೈತೇನಮ್ಮ ನಿನಗೆ? ನೀನೇ ಹಾಕಿದ್ರೆ ಈಗ ಈ ಬಲ್ಬಿನ ಆಟ ಯಾಕೆ ಆಡ್ದೆ?"

"ಆಮೇಲೆ ಹೇಳ್ತೀನಿ ಸಾರ್. ಮೊದ್ಲು ವಾಲ್ವು ನೋಡ್ರಿ. ಒಡೀದಂಗೆ ಹುಷಾರಾಗಿ ಇಟ್ಟೀನಿ. ಅಮ್ಮಾರ ದೇವರ ಮನ್ಯಾಗೆ. ಅವರಿಗೂ ಗೊತ್ತಿಲ್ಲ. ಟಾಕೀಸಿನ ಪಕ್ಕದ್ಮನೇನೇ ತಾನೆ, ಈಗಿಂದೀಗ್ಲೇ ಹೋಗಾಣ ಬರ್ರಿ. ಅದನ್ನ ಹಾಕಿ ತೋರಿಸ್ತೀನಿ. ಆಮೇಲೆ ನನ್ನ ಎಲ್ಲಿಗಾದ್ರೂ ಕರ್ಕಂಡ್ ಹೋಗ್ರಿ, ಬರ್ತೀನಿ."

ರಂಗೇಶ್ ಒಮ್ಮೆ ಅವಳನ್ನು, ಒಮ್ಮೆ ಏಕನಾಥಮ್ಮನನ್ನು ನೋಡಿದರು. ಮಾರಪ್ಪನಿಗೆ ಕಣ್ಸನ್ನೆ ಮಾಡಿದರು. ಅವನು ಹಿಂಜರಿಯುತ್ತ ಬಂದು ಚಿತ್ರಾಳ ರಟ್ಟೆ ಹಿಡಿದ.

"ಕ್ಷಮಿಸವ್ವ," ಎಂದ ಅವಳ ಕಿವಿಯಲ್ಲಿ.

ಹಿಡಿಯಲಿ ಬಿಡು. ಚಿತ್ರಾ ಏಕನಾಥಮ್ಮನ ಮುಖವನ್ನೇ ನೋಡಿದಳು. ಈಗ ಆ ಮುಖ ಬಿಳುಚಬೇಕು. ಈಗ ಆ ಕಾಲು ನಡುಗಬೇಕು. "ಈಗ ಬೇಡ, ಮನ್ಯಾಗೆ ಸೂತಕ ಐತೆ" ಅನ್ನಬೇಕು.

ಏಕನಾಥಮ್ಮ ಸೆರಗಿನ ಗಂಟು ಬಿಚ್ಚಿದರು. ಮನೆಯ ಬೀಗದಕೈ ತೆಗೆದು ರಂಗೇಶರ ಅಂಗೈಯಲ್ಲಿಟ್ಟರು.

"ಹೋಗಿ ನೋಡ್ಕಳ್ರಿ ಸಾಹೇಬ್ರೆ. ದೇವರ ಮನೆ ಬಾಗ್ಲು ತೆಗ್ದೇ ಐತೆ. ಎಷ್ಟು ಹುಡುಕ್ತೀರೋ ಹುಡುಕ್ರಿ." ಆಮೇಲೆ ಚಿತ್ರಾಳ ಕಡೆ ತಿರುಗಿದರು. ಕಣ್ಣಲ್ಲಿ ನಿಜವಾದ ಮರುಕವಿತ್ತು. ಗಾಜು ದೇವರ ಮನೆಯಲ್ಲಿಲ್ಲ ಎಂದು ಚಿತ್ರಾಳಿಗೆ ಆಗ ಗೊತ್ತಾಯಿತು.

"ಪಾಪ. ದುಡುಕ್ಬಿಟ್ಟೆ ಮಗ."